ಕರೆಗೆ ಕಾದ ಕೈ

ಯಾವುದೇ ದೊಡ್ಡ ಕಾರ್ಯವು ಒಬ್ಬನಿಂದಲೇ ಮುಗಿಯತಕ್ಕುದಲ್ಲ. ಆರಂಭಿಸಿದವನು ದಣಿಯುತ್ತಾನೆ, ಆಗ ಮತ್ತೊಬ್ಬನು ಮುಂದೆ ಬಂದು ಆ ಭಾರಕ್ಕೆ ಹೆಗಲು ಕೊಡಬೇಕಾಗುತ್ತದೆ. ತೇರಿನ ಹಗ್ಗವನ್ನು ನೂರಾರು ಜನ ಹಿಡಿದಿರುತ್ತಾರೆ. ಆದರೆ ಗಾಲಿ ಮಣ್ಣಿನಲ್ಲಿ ಹೂತುಕೊಂಡಾಗ ಸನ್ನೆಗೋಲು ಹಿಡಿದು ಬರುವವರು ಬೇರೆಯೇ ಇರುತ್ತಾರೆ. ಗಾಲಿ ಮೇಲೆದ್ದು ತೇರು ಮುಂದೆ ಸಾಗಿದ ಮೇಲೆ ಅವರನ್ನು ನೆನೆಯುವವರು ಕಡಿಮೆ.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ನಾಡಿನಾದ್ಯಂತ ಹೆಸರಾದ ನಾಟಕ ಕಂಪನಿಯ ಮಾತನ್ನು ನೀವು ಕೇಳಿರಬಹುದು. ಅಂದಿನ ಕಂಪನಿ ನಾಟಕಗಳು ರಾತ್ರಿ ಬಹಳ ಹೊತ್ತಿನವರೆಗೆ ನಡೆಯುತ್ತಿದ್ದವು. ಕೊನೆಯ ಅಂಕದಲ್ಲಿ ರಂಗಕ್ಕೆ ಬರತಕ್ಕ ನಟನು ಬಣ್ಣ ಹಚ್ಚಿಕೊಂಡು, ವೇಷ ಕಟ್ಟಿಕೊಂಡು, ಪರದೆಯ ಮರೆಯಲ್ಲಿ ಗಂಟೆಗಟ್ಟಲೆ ಕಾದಿರಬೇಕಾಗುತ್ತಿತ್ತು. ಅವನು ಬರುವ ಹೊತ್ತಿಗೆ ಪ್ರೇಕ್ಷಕರ ಕಣ್ಣಿಗೆ ನಿದ್ದೆ ಹತ್ತಿರಬಹುದು. ಹಿಂದಿನ ದೃಶ್ಯವು ಸೊರಗಿರಬಹುದು. ಅದಾವುದೂ ಅವನ ತಪ್ಪಲ್ಲ. ಆದರೂ ನಾಟಕವನ್ನು ದಡ ಸೇರಿಸುವ ಹೊಣೆ ಅವನದು. ಕಾಯುವುದು, ಕರೆ ಬಂದೊಡನೆ ಸಿದ್ಧನಿರುವುದು, ಇತರರು ಬಿಟ್ಟುಹೋದ ಸ್ಥಿತಿಯಿಂದಲೇ ಮುಂದುವರಿಸುವುದು — ಇವು ಆ ನಟನಿಗೆ ಬೇಕಾದ ಗುಣಗಳು.

ಆಟದ ಜಗತ್ತಿನಲ್ಲಿ ಈ ಗುಣಗಳನ್ನು ಒಂದು ವೃತ್ತಿಯನ್ನಾಗಿಯೇ ರೂಪಿಸಿರುವುದು ಅಮೆರಿಕದ ಬೇಸ್‌ಬಾಲ್. ಆ ಆಟದಲ್ಲಿ ದಾಂಡಿಗನಿಗೆ ಚೆಂಡನ್ನು ಎಸೆಯುವವನಿಗೆ ಪಿಚರ್ ಎಂದು ಹೆಸರು. ಪಂದ್ಯವು ಒಂಬತ್ತು ಸರದಿಗಳಷ್ಟು ನಡೆಯುತ್ತದೆ. ಆರಂಭದ ಪಿಚರನ ತೋಳು ದಣಿದಾಗಲೋ, ಎದುರಾಳಿಗಳು ಅವನ ಎಸೆತದ ಗುಟ್ಟನ್ನರಿತು ಬಾರಿಸತೊಡಗಿದಾಗಲೋ ಅವನನ್ನು ಹಿಂದಕ್ಕೆ ಕರೆದು, ಮತ್ತೊಬ್ಬನನ್ನು ಕಳುಹಿಸುತ್ತಾರೆ. ಹೀಗೆ ನೆರವಿಗೆ ಬರುವವನೇ ರಿಲೀಫ್ ಪಿಚರ್. ಅವನು ಮೈದಾನದ ಅಂಚಿನಲ್ಲಿ ಬುಲ್‌ಪೆನ್ ಎಂಬ ಆವರಣದಲ್ಲಿ ಕಾದಿದ್ದು, ಕರೆ ಬಂದಾಗ ತೋಳನ್ನು ಬಿಸಿಮಾಡಿಕೊಂಡು ಕಣಕ್ಕಿಳಿಯುತ್ತಾನೆ. ಅವನು ಬರುವ ವೇಳೆಗೆ ಎದುರಾಳಿಗಳು ಗೆಲುವಿಗೆ ಒಂದೇ ಹೆಜ್ಜೆಯಷ್ಟು ದೂರದಲ್ಲಿ ನಿಂತಿರುವುದೂ ಉಂಟು. ಇಂಥವನು ತಂಡದ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿದರೆ ಅದನ್ನು ‘ಸೇವ್’ ಎಂದು, ಎಂದರೆ ‘ಉಳಿಸಿಕೊಟ್ಟ ಪಂದ್ಯ’ ಎಂದು ಅವನ ಹೆಸರಿಗೆ ಬರೆಯುತ್ತಾರೆ. 1969ರಿಂದ ಅಲ್ಲಿ ಈ ಲೆಕ್ಕವು ಅಧಿಕೃತವಾಗಿದೆ.

ಈ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ನಿಂತವರು ಮರಿಯಾನೊ ರಿವೆರಾ. ಪನಾಮಾ ದೇಶದ ಮೀನುಗಾರನೊಬ್ಬನ ಮಗನಾಗಿ 1969ರಲ್ಲಿ ಹುಟ್ಟಿದ ಅವರು, 1995ರಿಂದ 2013ರವರೆಗೆ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಆಡಿ 652 ಪಂದ್ಯಗಳನ್ನು ಉಳಿಸಿಕೊಟ್ಟರು. ಅವರ ಮುಖ್ಯ ಅಸ್ತ್ರವು ಒಂದೇ ಬಗೆಯ ಎಸೆತ. ಕೊನೆಯ ಗಳಿಗೆಯಲ್ಲಿ ಸ್ವಲ್ಪವೇ ಪಕ್ಕಕ್ಕೆ ಸರಿಯುವ ವೇಗದ ಚೆಂಡು ಅದು. ಅಂಥವರ ಕೈಯಿಂದಲೂ ಗೆಲುವು ಜಾರಿದುದುಂಟು. 2001ರ ವರ್ಲ್ಡ್ ಸೀರೀಸ್‌ನ ನಿರ್ಣಾಯಕ ಪಂದ್ಯದಲ್ಲಿ ಕೊನೆಯ ಸರದಿಯಲ್ಲಿ ರಿವೆರಾ ಅವರಿಗೆ ಮುನ್ನಡೆಯನ್ನು ಕಾಪಾಡಲಾಗಲಿಲ್ಲ. ಆ ಸೋಲನ್ನು ಲೋಕವೆಲ್ಲ ಕಂಡಿತು. ಆದರೂ ತಂಡವು ಅವರನ್ನು ಮತ್ತೆ ಕರೆಯಿತು. ಅವರು ಮತ್ತೆ ಬಂದರು. ಇನ್ನೂ ಹನ್ನೆರಡು ವರ್ಷ ಆಡಿದರು. 2019ರಲ್ಲಿ ಮತ ಹಾಕಿದವರೆಲ್ಲರ ಒಮ್ಮತದಿಂದ ಆ ಆಟದ ಕೀರ್ತಿಮಂದಿರಕ್ಕೆ ಆಯ್ಕೆಯಾದ ಮೊದಲಿಗರೆನಿಸಿದರು.

ನಮ್ಮ ನಾಡಿನಲ್ಲಿ ಬೇಸ್‌ಬಾಲ್ ಆಡುವವರು ವಿರಳ. ತುಮಕೂರಿನ ಸರ್ಕಾರಿ ಜೂನಿಯರ್ ಕಾಲೇಜು ಮೈದಾನದಲ್ಲಾಗಲಿ, ಗುಬ್ಬಿ ಕುಣಿಗಲುಗಳ ಬಯಲುಗಳಲ್ಲಾಗಲಿ ಸಂಜೆಯ ಹೊತ್ತು ಕಾಣುವುದು ಕ್ರಿಕೆಟ್ಟೇ. ಆದರೆ ಕ್ರಿಕೆಟ್ಟಿನಲ್ಲಿಯೂ ಇಂಥದೊಂದು ಗಳಿಗೆಯಿದೆ. ಹೊಸ ಚೆಂಡಿನಿಂದ ಆರಂಭಿಸಿದವರ ಕೈ ಸೋತಾಗ, ಎದುರಾಳಿ ದಾಂಡಿಗರು ಬೇರೂರಿ ನಿಂತಾಗ, ನಾಯಕನು ಸುತ್ತಲೂ ನೋಡಿ ಒಬ್ಬನ ಕಡೆಗೆ ಚೆಂಡನ್ನು ಎಸೆಯುತ್ತಾನೆ. ‘ಇನ್ನು ನೀನೇ ದಾರಿ ತೋರಿಸು’ ಎಂಬುದೇ ಆ ಎಸೆತದ ಅರ್ಥ. ಭಾರತದ ಕ್ರಿಕೆಟ್ಟಿನಲ್ಲಿ ಆ ಚೆಂಡನ್ನು ಹದಿನೈದು ವರ್ಷಗಳ ಕಾಲ ಮತ್ತೆ ಮತ್ತೆ ಕೈಗೆ ತೆಗೆದುಕೊಂಡ ಕನ್ನಡ ನಾಡಿನ ಒಬ್ಬ ಆಟಗಾರರ ಕಥೆ ಇದು. ಅವರು ಚೆಂಡನ್ನು ಹಿಡಿದ ಬಲಗೈ ಬಾಲ್ಯದಲ್ಲಿಯೇ ಪೋಲಿಯೊ ರೋಗಕ್ಕೆ ತುತ್ತಾಗಿ ಸೊರಗಿದ ಕೈ. ಅವರೇ ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್; ಜನರ ಬಾಯಲ್ಲಿ ಬರಿಯ ‘ಚಂದ್ರ’.

ಚಂದ್ರಶೇಖರ್ ಹುಟ್ಟಿದುದು 1945ರ ಮೇ 17ರಂದು, ಮೈಸೂರಿನಲ್ಲಿ. ಆರು ವರ್ಷದ ಸುಮಾರಿಗೆ ಅವರಿಗೆ ಪೋಲಿಯೊ ತಗುಲಿತು. ಈ ರೋಗದ ಸೂಕ್ಷ್ಮಾಣುವು ಬೆನ್ನುಹುರಿಯ ನರಕೋಶಗಳನ್ನು ಹಾಳುಗೆಡಹುತ್ತದೆ. ನರದ ಅಪ್ಪಣೆಯಿಲ್ಲದೆ ಸ್ನಾಯು ಚಲಿಸಲಾರದು. ಚಲಿಸದ ಸ್ನಾಯು ದಿನದಿನಕ್ಕೆ ತೆಳುವಾಗುತ್ತ ಹೋಗುತ್ತದೆ. ಇದನ್ನು ತಡೆಯುವ ಲಸಿಕೆ ಜಗತ್ತಿನಲ್ಲಿ ಮೊದಲಿಗೆ ಬಳಕೆಗೆ ಬಂದುದು 1955ರಲ್ಲಿ. ಚಂದ್ರಶೇಖರರಿಗೆ ಅದು ತಡವಾಗಿತ್ತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮವು 1995ರಲ್ಲಿ ಆರಂಭವಾಯಿತು. ಇಲ್ಲಿ ಆ ರೋಗದ ಕೊನೆಯ ಪ್ರಕರಣವು ಕಾಣಿಸಿಕೊಂಡುದು 2011ರ ಜನವರಿಯಲ್ಲಿ. ಭಾರತವು ಪೋಲಿಯೊದಿಂದ ಮುಕ್ತವೆಂದು 2014ರ ಮಾರ್ಚಿ 27ರಂದು ಸಾರಲಾಯಿತು. ಬೂತಿನಲ್ಲಿ ನಿಮ್ಮ ನಾಲಗೆಯ ಮೇಲೆ ಬಿದ್ದ ಎರಡು ಹನಿ ಎಷ್ಟು ಮನೆಗಳ ಕಣ್ಣೀರನ್ನು ತಪ್ಪಿಸಿತೆಂಬುದನ್ನು ಅಂದಿನ ತಾಯಂದಿರು ಬಲ್ಲರು.

ಹುಡುಗನ ಬಲದೋಳು ಎಡದೋಳಿಗಿಂತ ಸಣ್ಣದಾಗಿ ಉಳಿಯಿತು. ಹತ್ತು ವರ್ಷದ ಹೊತ್ತಿಗೆ ಆ ಕೈಗೆ ಒಂದಿಷ್ಟು ಚೈತನ್ಯ ಮರಳಿತು, ಚಂದ್ರ ಆಡತೊಡಗಿದ. ಸಂಸಾರವು ಬೆಂಗಳೂರಿಗೆ ಬಂದಾಗ ಅಲ್ಲಿಯ ಬೀದಿಗಳೇ ಅವನ ಆಟದ ಬಯಲಾದವು. ಮುಂದೆ ಸಿಟಿ ಕ್ರಿಕೆಟರ್ಸ್ ಸಂಘದಲ್ಲಿ ಆಡುವ ಅವಕಾಶ ದೊರೆಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕ್ಷೇತ್ರರಕ್ಷಣೆಯ ವೇಳೆ ದೂರದಿಂದ ಚೆಂಡನ್ನು ಎಸೆಯಬೇಕಾದಾಗ ಚಂದ್ರಶೇಖರ್ ಬಳಸುತ್ತಿದ್ದುದು ಎಡಗೈಯನ್ನು. ಸೊರಗಿದ ಬಲಗೈಗೆ ಅಷ್ಟು ದೂರ ಎಸೆಯುವ ಕಸುವಿರಲಿಲ್ಲ. ಆದರೆ ಬೌಲ್ ಮಾಡುವುದಕ್ಕೆ ಅವರು ಆರಿಸಿಕೊಂಡುದು ಬಲಗೈಯನ್ನೇ. ಬಲವಾದ ಕೈಗೆ ಸುಲಭದ ಕೆಲಸ. ಸೊರಗಿದ ಕೈಗೆ ಕಠಿಣವಾದ ಕೆಲಸ!

ಅವರ ಬೌಲಿಂಗ್ ಯಾವ ವರ್ಗಕ್ಕೂ ಪೂರ್ತಿಯಾಗಿ ಸೇರುತ್ತಿರಲಿಲ್ಲ. ಸಾಮಾನ್ಯವಾಗಿ ಸ್ಪಿನ್ ಬೌಲರು ನಾಲ್ಕಾರು ಹೆಜ್ಜೆ ನಡೆದುಬಂದು, ಚೆಂಡನ್ನು ಗಾಳಿಯಲ್ಲಿ ತೇಲಿಸಿ, ದಾಂಡಿಗನನ್ನು ಮರುಳುಗೊಳಿಸಿ ಮುಂದಕ್ಕೆಳೆಯುತ್ತಾನೆ. ಅವರ ಹಿರಿಯ ಸಂಗಾತಿ ಎರಪಳ್ಳಿ ಪ್ರಸನ್ನರು ಆ ಕಲೆಯಲ್ಲಿ ನಿಪುಣರು. ಚಂದ್ರಶೇಖರರು ಬೇರೆಯೇ ಬಗೆಯವರು. ವೇಗದ ಬೌಲರನಂತೆ ದೂರದಿಂದ ಓಡಿಬಂದು, ತೆಳುವಾದ ತೋಳನ್ನು ಚಾಟಿಯಂತೆ ಬೀಸಿ, ಮಣಿಕಟ್ಟನ್ನು ಕ್ಷಣಾರ್ಧದಲ್ಲಿ ತಿರುಗಿಸಿ ಚೆಂಡನ್ನು ಬಿಡುತ್ತಿದ್ದರು. ಚೆಂಡು ಮಧ್ಯಮ ವೇಗದಲ್ಲಿ ಬರುತ್ತಿತ್ತು. ಬಲಗೈ ದಾಂಡಿಗನಿಂದ ಹೊರಗೆ ಸರಿಯುವ ಲೆಗ್ ಬ್ರೇಕ್, ಅದೇ ಭಂಗಿಯಿಂದ ಹೊರಟು ಒಳಗೆ ನುಗ್ಗುವ ಗೂಗ್ಲಿ, ನೆಲ ತಾಗಿ ನೇರವಾಗಿ ಪುಟಿದೇಳುವ ಟಾಪ್ ಸ್ಪಿನ್ನರ್, ಇವೆಲ್ಲಕ್ಕಿಂತ ವೇಗವಾಗಿ ಗೂಟದತ್ತ ಹಾರುವ ಮತ್ತೊಂದು ಚೆಂಡು — ಇವಿಷ್ಟೂ ಒಂದೇ ಓಟದಿಂದ, ಒಂದೇ ಬೀಸಿನಿಂದ ಹೊರಡುತ್ತಿದ್ದವು. ದಾಂಡಿಗನಿಗೆ ಯೋಚಿಸಲು ಬಿಡುವೇ ಸಿಗುತ್ತಿರಲಿಲ್ಲ. ಕೆಲವೊಮ್ಮೆ ಮುಂದಿನ ಚೆಂಡು ಎತ್ತ ತಿರುಗುವುದೆಂಬುದು ತಮಗೇ ತಿಳಿದಿರುತ್ತಿರಲಿಲ್ಲವೆಂದು ಚಂದ್ರಶೇಖರರು ನಗುತ್ತ ಹೇಳಿಕೊಂಡುದುಂಟು.

ರೋಗವೇ ಅವರಿಗೆ ವರವಾಯಿತೆಂದು ಹೇಳುವ ರೂಢಿಯಿದೆ. ಆ ಮಾತನ್ನು ಎಚ್ಚರದಿಂದ ಆಡಬೇಕು. ಪೋಲಿಯೊ ತಗುಲಿದ ಲಕ್ಷಾಂತರ ಮಕ್ಕಳಲ್ಲಿ ಚಂದ್ರಶೇಖರ್ ಒಬ್ಬರೇ. ರೋಗವು ಕೊಟ್ಟುದು ತೆಳುವಾದ ಒಂದು ತೋಳನ್ನು ಮಾತ್ರ. ಆ ತೋಳಿನಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ದಿನದಿನವೂ ಚೆಂಡೆಸೆದು ಕಂಡುಕೊಂಡವರು ಅವರೇ. ಹಿರಿಮೆ ಸಲ್ಲಬೇಕಾದುದು ಆ ಶೋಧನೆಗೆ.

1963-64ರ ಋತುವಿನಲ್ಲಿ ಮೈಸೂರು ರಾಜ್ಯದ ತಂಡಕ್ಕೆ ಆಡಿದ ಚಂದ್ರಶೇಖರರಿಗೆ, ಅದೇ ಋತುವಿನಲ್ಲಿ ಭಾರತ ತಂಡದ ಕರೆಯೂ ಬಂದಿತು. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಪಂದ್ಯವಾಡಿದಾಗ ಅವರಿಗಿನ್ನೂ ಹದಿನೆಂಟು ವರ್ಷ. 1966ರ ಡಿಸೆಂಬರಿನಲ್ಲಿ ಅದೇ ನಗರದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 11 ವಿಕೆಟ್ ಪಡೆದರು. ಇನ್ನೇನು ಹೆಸರು ನೆಲೆಗೊಂಡಿತೆನ್ನುವಾಗ ಆಸ್ಟ್ರೇಲಿಯ ಪ್ರವಾಸದಲ್ಲಿ ಗಾಯಗೊಂಡು ಹಿಂದಿರುಗಬೇಕಾಯಿತು. ಆ ಬಳಿಕ ಸ್ಕೂಟರ್ ಅಪಘಾತವೊಂದು ಸಂಭವಿಸಿತು. 1968ರಿಂದ 1971ರ ನಡುವಿನವರೆಗೆ ಅವರು ಒಂದು ಟೆಸ್ಟ್ ಪಂದ್ಯವನ್ನೂ ಆಡಲಿಲ್ಲ. 1971ರ ಆರಂಭದಲ್ಲಿ ಭಾರತವು ವೆಸ್ಟ್ ಇಂಡೀಸಿಗೆ ಹೋಗಿ ಅಲ್ಲಿ ಮೊದಲ ಬಾರಿಗೆ ಸರಣಿಯನ್ನು ಗೆದ್ದು ಬಂದಾಗ ಆ ಸಂಭ್ರಮದಲ್ಲಿ ಚಂದ್ರಶೇಖರ್ ಇರಲಿಲ್ಲ. ಪರದೆಯ ಮರೆಯಲ್ಲಿ ಕಾದ ಕಾಲ ಅದು. ಗೆಲ್ಲುತ್ತಿರುವ ತಂಡವು ಹೊರಗಿರುವವನನ್ನು ಮರೆಯುವುದು ಸುಲಭ. ಹೊರಗಿರುವವನು ಅಭ್ಯಾಸವನ್ನು ಕೈಬಿಡುವುದು ಅದಕ್ಕಿಂತಲೂ ಸುಲಭ. ಚಂದ್ರಶೇಖರರು ಅಭ್ಯಾಸವನ್ನು ಬಿಡಲಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೊರಟ ತಂಡಕ್ಕೆ ಅವರನ್ನು ಮತ್ತೆ ಆರಿಸಿದರು. ನಾಯಕರು ಅಜಿತ್ ವಾಡೇಕರ್. ಮೊದಲ ಎರಡು ಟೆಸ್ಟ್‌ಗಳು ಸೋಲು ಗೆಲುವಿಲ್ಲದೆ ಮುಗಿದವು. ಮೂರನೆಯದು ಲಂಡನ್ನಿನ ಓವಲ್ ಮೈದಾನದಲ್ಲಿ ಆಗಸ್ಟ್ 19ರಂದು ಆರಂಭವಾಯಿತು. ಇಂಗ್ಲೆಂಡ್ ಮೊದಲು ಆಡಿ 355 ರನ್ ಗಳಿಸಿತು. ಎರಡನೆಯ ದಿನವನ್ನು ಮಳೆ ನುಂಗಿತು. ಭಾರತ 284 ರನ್ನುಗಳಿಗೆ ಆಟ ಮುಗಿಸಿ 71 ರನ್ನುಗಳಷ್ಟು ಹಿಂದೆ ಬಿದ್ದಿತು. ಭಾರತ ಮೊದಲ ಬಾರಿಗೆ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದುದು 1932ರಲ್ಲಿ. ಅಲ್ಲಿಂದ ಮೂವತ್ತೊಂಬತ್ತು ವರ್ಷಗಳಲ್ಲಿ ಆ ನೆಲದಲ್ಲಿ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ.

ಆಗಸ್ಟ್ 23, ಸೋಮವಾರ. ಇಂಗ್ಲೆಂಡಿನ ಎರಡನೆಯ ಸರದಿ. ಹೊಸ ಚೆಂಡನ್ನು ಹಿಡಿದ ಆಬಿದ್ ಅಲಿ ಮತ್ತು ಏಕನಾಥ ಸೋಳ್ಕರ್ ತಲಾ ಮೂರು ಓವರು ಎಸೆದರು, ವಿಕೆಟ್ ಬೀಳಲಿಲ್ಲ. ವಾಡೇಕರರು ಚೆಂಡನ್ನು ಚಂದ್ರಶೇಖರರಿಗೆ ಕೊಟ್ಟರು. ಮೊದಲ ಪತನವು ಅದೃಷ್ಟದಿಂದ ಬಂದಿತೆಂದೇ ಹೇಳಬೇಕು: ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರಶೇಖರರ ಕೈಗೆ ತಗುಲಿ ಎದುರು ತುದಿಯ ಗೂಟಗಳಿಗೆ ಬಡಿಯಿತು, ಗೆರೆ ಬಿಟ್ಟು ಮುಂದೆ ಬಂದಿದ್ದ ಜೇಮ್ಸನ್ ರನ್ ಔಟಾದರು. ಅನಂತರ ಬಂದವರು ಜಾನ್ ಎಡ್ರಿಚ್. ಆಗ ಕ್ಷೇತ್ರದಲ್ಲಿದ್ದ ದಿಲೀಪ್ ಸರ್ದೇಸಾಯಿ ‘ಮಿಲ್ ರೀಫ್’ ಎಸೆಯುವಂತೆ ಚಂದ್ರಶೇಖರರಿಗೆ ಸೂಚಿಸಿದರೆಂಬುದು ಪ್ರಸಿದ್ಧವಾದ ಮಾತು.

ಈ ‘ಮಿಲ್ ರೀಫ್’ ಎಂದರೇನು? ಕುಣಿಗಲಿನ ಮಕ್ಕಳು ಇದನ್ನು ಬೇಗ ಊಹಿಸಿಯಾರು. ಅವರ ಊರು ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆಗಳಿಗೆ ಹೆಸರಾದುದು. ಅಂದು ದಂಡಿಗೆ ಬೇಕಾದ ಕುದುರೆಗಳನ್ನು ಅಲ್ಲಿ ಬೆಳೆಸುತ್ತಿದ್ದರು, ಮುಂದೆ ಪಂದ್ಯದ ಕುದುರೆಗಳನ್ನು ಬೆಳೆಸಿದರು. ಮಿಲ್ ರೀಫ್ ಕೂಡ ಒಂದು ಕುದುರೆಯ ಹೆಸರೇ. 1971ರಲ್ಲಿ ಇಂಗ್ಲೆಂಡಿನ ಪ್ರಖ್ಯಾತವಾದ ಡರ್ಬಿ ಪಂದ್ಯವನ್ನು ಗೆದ್ದ ಕುದುರೆ ಅದು. ಚಂದ್ರಶೇಖರರ ಅತಿ ವೇಗದ ಚೆಂಡಿಗೆ ಗೆಳೆಯರು ಅದೇ ಹೆಸರನ್ನಿಟ್ಟಿದ್ದರು. ಎಡ್ರಿಚ್ ದಾಂಡನ್ನು ಕೆಳಗಿಳಿಸುವುದರೊಳಗೆ ಚೆಂಡು ಗೂಟವನ್ನು ತಲುಪಿತ್ತು. ಮುಂದೆ ಬಂದ ಫ್ಲೆಚರ್ ಕೂಡ ರನ್ ಗಳಿಸದೆ ಸೋಳ್ಕರರಿಗೆ ಕ್ಯಾಚಿತ್ತು ಹಿಂದಿರುಗಿದರು. ಊಟದ ವಿರಾಮಕ್ಕೆ ಇಂಗ್ಲೆಂಡ್ 24 ರನ್ನಿಗೆ ಮೂರು ವಿಕೆಟ್ ಕಳೆದುಕೊಂಡಿತ್ತು.

ಊಟದ ಬಳಿಕವೂ ನಾಯಕರು ಚಂದ್ರಶೇಖರರ ಕೈಯಿಂದ ಚೆಂಡನ್ನು ಹಿಂದಕ್ಕೆ ಪಡೆಯಲಿಲ್ಲ. ಇನ್ನೊಂದು ತುದಿಯಿಂದ ವೆಂಕಟರಾಘವನ್ ಬಿಗಿಯಾಗಿ ಎಸೆದು ಎರಡು ವಿಕೆಟ್ ಕಿತ್ತರು; ದಾಂಡಿಗನ ಮಗ್ಗುಲಲ್ಲೇ ನಿಂತ ಸೋಳ್ಕರ್ ನೆಲಕ್ಕೆ ಬೀಳಲಿದ್ದ ಚೆಂಡುಗಳನ್ನು ಹಿಡಿದರು. ನಾಯಕ ಇಲ್ಲಿಂಗ್‌ವರ್ತ್, ಬೇರೂರುತ್ತಿದ್ದ ಲಕ್‌ಹರ್ಸ್ಟ್, ಸ್ನೋ ಒಬ್ಬೊಬ್ಬರಾಗಿ ಚಂದ್ರಶೇಖರರಿಗೆ ಬಲಿಯಾದರು. ಕೊನೆಯ ವಿಕೆಟ್ಟೂ ಅವರದೇ. ಇಂಗ್ಲೆಂಡ್ 101 ರನ್ನುಗಳಿಗೆ ಮುಗಿಯಿತು. ಚಂದ್ರಶೇಖರರ ಲೆಕ್ಕ: 18.1 ಓವರು, 38 ರನ್, 6 ವಿಕೆಟ್. ಮರುದಿನ, ಆಗಸ್ಟ್ 24ರಂದು, ಗಣೇಶ ಚತುರ್ಥಿ. ಅಭಿಮಾನಿಗಳು ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಗೆಲುವಿಗೆ ಬೇಕಾಗಿದ್ದ 173 ರನ್ನುಗಳನ್ನು ಭಾರತವು ಆರು ವಿಕೆಟ್ ಕಳೆದುಕೊಂಡು ಗಳಿಸಿತು. ಆ ಪಂದ್ಯದೊಡನೆ ಸರಣಿಯೂ ಕೈಸೇರಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿದ್ದವರು ಮರಳಿ ಬಂದು ಮಾಡಿದ ಕೆಲಸ ಇದು! 1972ರಲ್ಲಿ ವಿಸ್ಡನ್ ವಾರ್ಷಿಕವು ವರ್ಷದ ಐವರು ಆಟಗಾರರಲ್ಲಿ ಅವರನ್ನು ಸೇರಿಸಿತು. ಭಾರತ ಸರ್ಕಾರವು ಪದ್ಮಶ್ರೀ ನೀಡಿ ಗೌರವಿಸಿತು. ಮುಂದೆ 2002ರಲ್ಲಿ ಅದೇ ವಿಸ್ಡನ್ ಸಂಸ್ಥೆಯು ಓವಲಿನ ಆ ಸಾಧನೆಯನ್ನು ಶತಮಾನದ ಅತ್ಯುತ್ತಮ ಭಾರತೀಯ ಬೌಲಿಂಗ್ ಎಂದು ಸಾರಿತು.

ಗೆಲುವನ್ನಷ್ಟೇ ಹೇಳಿದರೆ ಈ ಕಥೆ ಅರ್ಧವಾಗುತ್ತದೆ. ಚಂದ್ರಶೇಖರರಿಗೆ ಚೆಂಡು ಕೊಡುವುದು ನಾಯಕನ ಪಾಲಿಗೆ ಒಂದು ಸಾಹಸವೇ ಆಗಿತ್ತು. ಅವರ ಕೈ ಪಳಗಿದ ದಿನ ಜಗತ್ತಿನ ಯಾವ ದಾಂಡಿಗನೂ ನಿಲ್ಲಲಾರ. ಕೈ ತಪ್ಪಿದ ದಿನ ಚೆಂಡು ಕುಸಿದು ಬಿದ್ದು ಬೌಂಡರಿಯ ದಾರಿ ಹಿಡಿಯುತ್ತಿತ್ತು. ಒಂದೇ ಓವರಿನಲ್ಲಿ ಈ ಎರಡನ್ನೂ ಕಾಣಬಹುದಾಗಿತ್ತು. ಚೆನ್ನಾಗಿ ಎಸೆದರೂ ತಂಡ ಸೋಲುವುದಿತ್ತು. 1972ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಇಂಗ್ಲೆಂಡಿನ ವಿರುದ್ಧ ಅವರು 79 ರನ್ನಿಗೆ 8 ವಿಕೆಟ್ ಪಡೆದರು. ಅದು ಅವರ ಜೀವಮಾನದ ಶ್ರೇಷ್ಠ ಲೆಕ್ಕ. ಆದರೆ ಆ ಪಂದ್ಯವನ್ನು ಭಾರತ ಸೋತಿತು. ಅವರು ನಿರಾಶರಾಗಿ ಕೂರಲಿಲ್ಲ. ಐದು ಪಂದ್ಯಗಳ ಆ ಸರಣಿಯಲ್ಲಿ ಒಟ್ಟು 35 ವಿಕೆಟ್ ಪಡೆದರು. ಮೊದಲ ಪಂದ್ಯ ಸೋತ ಭಾರತ ಸರಣಿಯನ್ನು ಎರಡು ಒಂದರಿಂದ ಗೆದ್ದುಕೊಂಡಿತು.

ನಾಯಕನ ನಂಬಿಕೆ ಮತ್ತು ಬೌಲರನ ಧೈರ್ಯ ಇವೆರಡೂ ಒಟ್ಟಿಗೆ ಪರೀಕ್ಷೆಗೊಳಗಾದ ಇನ್ನೊಂದು ದಿನವೆಂದರೆ 1975ರ ಜನವರಿ 1. ಕಲ್ಕತ್ತೆಯ ಈಡನ್ ಗಾರ್ಡನ್ಸ್ ಮೈದಾನದಲ್ಲಿ ಗೆಲ್ಲಲು 310 ರನ್ ಗಳಿಸಬೇಕಾಗಿದ್ದ ವೆಸ್ಟ್ ಇಂಡೀಸ್ ದೃಢವಾಗಿ ಮುಂದೆ ಸಾಗಿತ್ತು. ನಾಯಕ ಕ್ಲೈವ್ ಲಾಯ್ಡ್ ಚಂದ್ರಶೇಖರರ ಚೆಂಡುಗಳನ್ನು ಬೌಂಡರಿಗೆ ಅಟ್ಟತೊಡಗಿದರು. ಬೇರೆ ನಾಯಕನಾಗಿದ್ದರೆ ಅಲ್ಲಿಗೆ ಬೌಲರನನ್ನು ಬದಲಿಸುತ್ತಿದ್ದನೋ ಏನೋ! ಪಟೌಡಿಯವರು ಬದಲಿಸಲಿಲ್ಲ. ಚಂದ್ರಶೇಖರರೂ ಹೆದರಿ ಚೆಂಡನ್ನು ದೂರ ದೂರಕ್ಕೆ ಎಸೆಯಲಿಲ್ಲ. ಲಾಯ್ಡ್ ಬೌಲ್ಡ್ ಆದರು. ನೆಲೆಯೂರಿದ್ದ ಕಾಳಿಚರಣ್ ಅವರನ್ನೂ ಚಂದ್ರಶೇಖರರೇ ಔಟ್ ಮಾಡಿದರು. ಕ್ಯಾಚು ಹಿಡಿದವರು ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್. ಭಾರತ 85 ರನ್ನುಗಳಿಂದ ಗೆದ್ದಿತು. ಆ ಗಳಿಗೆಯಲ್ಲಿ ಪಟೌಡಿಯವರು ಚೆಂಡನ್ನು ಹಿಂದಕ್ಕೆ ಪಡೆದಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಹೊಡೆತ ತಿಂದವನ ಮೇಲೆ ನಂಬಿಕೆಯಿಡುವುದು ಹೊಡೆತ ತಿನ್ನುವಷ್ಟೇ ಕಠಿಣವಾದ ಕೆಲಸವೆಂಬುದಕ್ಕೆ ಆ ದಿನವು ಸಾಕ್ಷಿ.

ತವರು ರಾಜ್ಯಕ್ಕೂ ಚಂದ್ರಶೇಖರರು ಇಷ್ಟೇ ನಿಷ್ಠೆಯಿಂದ ದುಡಿದರು. 1958-59ರಿಂದ 1972-73ರವರೆಗೆ ಸತತವಾಗಿ ಹದಿನೈದು ವರ್ಷ ರಣಜಿ ಪಾರಿತೋಷಕವು ಮುಂಬಯಿಯ ಸ್ವತ್ತಾಗಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅದೇ ಋತುವಿನಲ್ಲಿ, ಪ್ರಸನ್ನರ ನಾಯಕತ್ವದಲ್ಲಿ, ಕರ್ನಾಟಕದ ತಂಡವು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬಯಿಯ ಆ ದೀರ್ಘ ಓಟವನ್ನು ತಡೆಯಿತು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಪಾರಿತೋಷಕವನ್ನು ತಂದಿತು. ನಾಡಿಗೆ ಹೊಸ ಹೆಸರು ಬಂದ ವರ್ಷವೇ ಆ ಹೆಸರು ಪಾರಿತೋಷಕದ ಮೇಲೆ ಮೂಡಿತು. ಆ ತಂಡದ ಬಲವೆಂದರೆ ಪ್ರಸನ್ನ ಮತ್ತು ಚಂದ್ರಶೇಖರರ ಜೋಡಿ.

ಅವರ ಕೀರ್ತಿಯ ಮತ್ತೊಂದು ಶಿಖರ ಮೆಲ್ಬರ್ನ್. ಅಲ್ಲಿ 1977ರ ಡಿಸೆಂಬರ್ 30ರಂದು ಆರಂಭವಾದ ಪಂದ್ಯದಲ್ಲಿ ಅವರು ಮೊದಲ ಸರದಿಯಲ್ಲಿ 52 ರನ್ನಿಗೆ 6 ವಿಕೆಟ್ ಪಡೆದರು. ಎರಡನೆಯ ಸರದಿಯಲ್ಲಿಯೂ 52 ರನ್ನಿಗೆ 6 ವಿಕೆಟ್! ಬಿಷನ್ ಸಿಂಗ್ ಬೇಡಿಯವರ ನಾಯಕತ್ವದ ಭಾರತವು 222 ರನ್ನುಗಳಿಂದ ಗೆದ್ದಿತು. ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ದೊರೆತ ಮೊದಲ ಟೆಸ್ಟ್ ಗೆಲುವು ಅದು.

ಚಂದ್ರಶೇಖರರ ದಾಂಡುಗಾರಿಕೆಯ ಮಾತು ಬಂದರೆ ನಗೆ ಬಾರದಿರದು. 58 ಟೆಸ್ಟ್‌ಗಳಲ್ಲಿ ಅವರು ಪಡೆದ ವಿಕೆಟ್ 242. ಗಳಿಸಿದ ರನ್ 167. ವಿಕೆಟ್ಟಿಗಿಂತ ರನ್ನೇ ಕಡಿಮೆ! ಸೊನ್ನೆಗೆ ಔಟಾದುದು ಇಪ್ಪತ್ತಮೂರು ಬಾರಿ. ಈ ವಿಷಯದಲ್ಲಿ ಇತರರಿಗಿಂತ ಮೊದಲು ನಗುತ್ತಿದ್ದವರು ಚಂದ್ರಶೇಖರರೇ. ಮೈದಾನದಲ್ಲಿ ಅವರು ಗದ್ದಲದ ಮನುಷ್ಯರಲ್ಲ. ಹಿಂದಿ ಚಿತ್ರಗಳ ಗಾಯಕ ಮುಖೇಶರ ಹಾಡುಗಳೆಂದರೆ ಅವರಿಗೆ ಪ್ರಾಣ. ಅವರು ಬೌಲ್ ಮಾಡುವಾಗ ಹುರುಪು ತುಂಬಲೆಂದು ಸುನಿಲ್ ಗಾವಸ್ಕರ್ ಹತ್ತಿರದಲ್ಲಿ ನಿಂತು ಮುಖೇಶರ ಹಾಡನ್ನು ಗುನುಗುತ್ತಿದ್ದುದುಂಟು. ಗೆಲ್ಲಿಸತಕ್ಕವನಿಗೆ ಸಂಗಾತಿಗಳ ಪ್ರೀತಿಯೂ ಒಂದು ಬಲ.

ಕಾಲ ಯಾರಿಗೂ ಕಾಯುವುದಿಲ್ಲ. 1978ರ ಪಾಕಿಸ್ತಾನ ಪ್ರವಾಸದಲ್ಲಿ ಎದುರಾಳಿ ದಾಂಡಿಗರು ಭಾರತದ ಸ್ಪಿನ್ನರುಗಳನ್ನು ನಿರ್ದಯವಾಗಿ ದಂಡಿಸಿದರು. 1979ರಲ್ಲಿ ಇಂಗ್ಲೆಂಡಿನ ವಿರುದ್ಧ ಬರ್ಮಿಂಗ್‌ಹ್ಯಾಮಿನಲ್ಲಿ ಚಂದ್ರಶೇಖರರು ಕೊನೆಯ ಟೆಸ್ಟ್ ಆಡಿದರು. ಪ್ರಥಮ ದರ್ಜೆಯ ಪಂದ್ಯಗಳೆಲ್ಲವನ್ನು ಸೇರಿಸಿದರೆ ಅವರ ವಿಕೆಟ್ಟುಗಳ ಸಂಖ್ಯೆ 1,063. ಆಟದ ಬದುಕು ಮುಗಿದ ಬಹುಕಾಲದ ಮೇಲೆ, 1991ರಲ್ಲಿ ರಸ್ತೆ ಅಪಘಾತಕ್ಕೀಡಾಗಿ, ನಡೆಯುವುದಕ್ಕೆ ಊರುಗೋಲನ್ನು ಹಿಡಿಯಬೇಕಾಯಿತು. ಬಾಲ್ಯದಲ್ಲಿ ಕೈಯನ್ನು ಕಳೆದುಕೊಳ್ಳಲಿದ್ದವರು ಆ ಕಷ್ಟವನ್ನೂ ತಾಳ್ಮೆಯಿಂದ ಎದುರಿಸಿದರು.

ಬೇಸ್‌ಬಾಲಿನಲ್ಲಿ ಉಳಿಸಿಕೊಟ್ಟ ಪಂದ್ಯಗಳನ್ನು ಎಣಿಸುತ್ತಾರೆ. ಕ್ರಿಕೆಟ್ಟಿನಲ್ಲಿ ಅಂಥ ಲೆಕ್ಕವಿಲ್ಲ. ಇದ್ದಿದ್ದರೆ ಚಂದ್ರಶೇಖರರ ಹೆಸರಿನ ಮುಂದೆ ಏನು ಬರೆಯುತ್ತಿದ್ದರು? ಒಂದು ಸಂಖ್ಯೆ ಇದಕ್ಕೆ ಉತ್ತರ ಕೊಡಬಲ್ಲುದು. ಅವರು ಆಡಿದ ಟೆಸ್ಟ್‌ಗಳಲ್ಲಿ ಭಾರತ ಗೆದ್ದುದು ಹದಿನಾಲ್ಕನ್ನು. ಆ ಹದಿನಾಲ್ಕರಲ್ಲಿ ಅವರು ಪಡೆದ ವಿಕೆಟ್ 98. ಎಂದರೆ ಗೆದ್ದ ಪ್ರತಿ ಪಂದ್ಯದಲ್ಲಿ ಸರಾಸರಿ ಏಳು ವಿಕೆಟ್. ಕರೆ ಬಂದಾಗ ಅವರು ಹೇಗೆ ಓಗೊಟ್ಟರೆಂಬುದನ್ನು ಈ ಅಂಕಿ ಹೇಳುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ತರಗತಿಯಲ್ಲಾಗಲಿ ಮೈದಾನದಲ್ಲಾಗಲಿ ಎಲ್ಲರಿಗೂ ಮೊದಲ ಚೆಂಡು ದೊರೆಯುವುದಿಲ್ಲ. ನಿಮ್ಮಲ್ಲಿ ಅನೇಕರು ಬದಿಯಲ್ಲಿ ನಿಂತು ಕಾಯಬೇಕಾದೀತು. ಕರೆ ಬರುವ ಹೊತ್ತಿಗೆ ಆಟ ಕೈಮೀರಿದಂತೆ ಕಂಡೀತು. ಆಗ ‘ನನ್ನನ್ನು ಮೊದಲೇ ಏಕೆ ಕರೆಯಲಿಲ್ಲ?’ ಎಂದು ಮುನಿಯುವವನು ಚೆಂಡನ್ನು ಸರಿಯಾಗಿ ಹಿಡಿಯಲಾರ. ನೀವು ನಾಯಕರಾಗಿ ನಿಲ್ಲುವ ದಿನವೂ ಬಂದೀತು. ಆಗ ಬಲವಾದ ಕೈಗಳನ್ನಷ್ಟೇ ಹುಡುಕದೆ ಬದಿಯಲ್ಲಿ ಕಾದಿರುವ ತೆಳುವಾದ ಕೈಯೊಂದರತ್ತಲೂ ನೋಡಿರಿ. ಚೆಂಡನ್ನು ಅದಕ್ಕೆ ಕೊಡಿರಿ. ಮೊದಲ ಎಸೆತ ತಪ್ಪಿದರೆ ಇನ್ನೊಂದನ್ನೂ ಕೊಡಿರಿ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ರಿಲೀಫ್ ಪಿಚರ್ ಎಂದರೆ ಯಾರು?
2. ಚಂದ್ರಶೇಖರರು ದೂರದಿಂದ ಚೆಂಡೆಸೆಯಲು ಯಾವ ಕೈಯನ್ನು ಬಳಸುತ್ತಿದ್ದರು? ಏಕೆ?
3. ‘ಮಿಲ್ ರೀಫ್’ ಎಂಬ ಹೆಸರು ಎಲ್ಲಿಂದ ಬಂದಿತು?
4. ಕರ್ನಾಟಕವು ಮೊದಲ ಬಾರಿಗೆ ರಣಜಿ ಪಾರಿತೋಷಕವನ್ನು ಯಾವ ಋತುವಿನಲ್ಲಿ ಗೆದ್ದಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕೊನೆಯ ಅಂಕದ ನಟನಿಗೂ ನೆರವಿಗೆ ಬರುವ ಎಸೆಗಾರನಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ‘ರೋಗವೇ ವರವಾಯಿತು’ ಎಂಬ ಮಾತನ್ನು ಲೇಖಕರು ಏಕೆ ಪೂರ್ತಿಯಾಗಿ ಒಪ್ಪುವುದಿಲ್ಲ?
3. ಕಲ್ಕತ್ತೆಯ ಪಂದ್ಯದಲ್ಲಿ ಪಟೌಡಿಯವರ ನಿರ್ಧಾರದ ಮಹತ್ತ್ವವೇನು?

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ:
ನಾಡಿನಾದ್ಯಂತ, ಗಂಟೆಗಟ್ಟಲೆ, ಆಟವನ್ನು

ಈ. ನಿಮ್ಮ ಊರಿನಲ್ಲಿ ಕಷ್ಟದ ಹೊತ್ತಿಗೆ ಮುಂದೆ ಬಂದು ಇತರರ ಕೆಲಸವನ್ನು ಪೂರ್ತಿಗೊಳಿಸಿದ ಒಬ್ಬರ ವಿಷಯವಾಗಿ ಒಂದು ಪುಟದಷ್ಟು ಬರೆಯಿರಿ.